ಖಾಲಿ ಫೋಲ್ಡರ್ ಗೆಲ್ಲಬಾರದು: ಎರಡು ಸರ್ವರ್‌ಗಳ ನಡುವಿನ ಮೊದಲ ನಕಲಿನ ಲೆಕ್ಕ

ಶನಿವಾರ ಬೆಳಿಗ್ಗೆ ಹೊಸ ಸರ್ವರ್‌ಗೆ ಲಾಗಿನ್ ಆಗಿ ನೋಡಿದರೆ ಡಿಸ್ಕಿನಲ್ಲಿ ಬಳಕೆಯಾದ ಜಾಗ ಹೆಚ್ಚುಕಡಿಮೆ ಸೊನ್ನೆ. ಹಿಂದಿನ ಸಂಜೆ ಅಲ್ಲಿ 3.6 ಟಿಬಿ ಇತ್ತು. ಹಳೆಯ ಸರ್ವರ್‌ನ ಫೈಲ್‌ಗಳನ್ನು 26 ಗಂಟೆ ಕಾದು ಅಲ್ಲಿಗೆ ನಕಲು ಮಾಡಿ ತುಂಬಿಸಿದ್ದೆ. ಲಾಗ್ ತೆರೆದರೆ ಒಂದರ ಕೆಳಗೊಂದು ‘ಅಳಿಸಲಾಗುತ್ತಿದೆ’ ಎಂಬ ಸಾಲುಗಳು, 42 ಲಕ್ಷಕ್ಕೂ ಹೆಚ್ಚು. ನಡೆದದ್ದು ಇಷ್ಟೆ: ರಾತ್ರಿ ವಿದ್ಯುತ್ ಹೋಗಿ ಬಂದು ಹಳೆಯ ಸರ್ವರ್ ತಾನಾಗಿಯೇ ಮತ್ತೆ ಶುರುವಾಗಿತ್ತು. ಫೈಲ್‌ಗಳಿದ್ದ ಡಿಸ್ಕ್ ಮಾತ್ರ ಮೌಂಟ್ ಆಗಿರಲಿಲ್ಲ, ಅಂದರೆ ಸರ್ವರ್‌ಗೆ ಜೋಡಿಕೊಂಡಿರಲಿಲ್ಲ; ಅದು ಕಾಣಬೇಕಾದ ಫೋಲ್ಡರ್ ಖಾಲಿಯಿತ್ತು. ಎರಡು ಗಂಟೆಗೆ ನಾನೇ ನಿಗದಿ ಮಾಡಿಟ್ಟಿದ್ದ ಆರ್‌ಸಿಂಕ್ ಎಂಬ ನಕಲು ತಂತ್ರಾಂಶ ಎದ್ದು, ಹಳೆಯ ಕಡೆ ಖಾಲಿ ಫೋಲ್ಡರ್ ಕಂಡು, ‘ಅಲ್ಲಿ ಇಲ್ಲದ್ದು ಇಲ್ಲೂ ಇರಬಾರದು’ ಎಂಬ ನನ್ನ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿತ್ತು.

ಮೂಲ ಫೈಲ್‌ಗಳಿಗೆ ಏನೂ ಆಗಿರಲಿಲ್ಲ. ಡಿಸ್ಕ್ ಮೌಂಟ್ ಮಾಡಿದೊಡನೆ ಎಲ್ಲವೂ ಹಾಗೆಯೇ ಕಂಡವು. ಹೋದದ್ದು 26 ಗಂಟೆ ಮಾತ್ರ. ಆದರೂ ಆ ಬೆಳಿಗ್ಗೆಯ ಮೊದಲ ಹತ್ತು ನಿಮಿಷ ನನ್ನ ಕೈ ಕೀಬೋರ್ಡಿನ ಮೇಲೆ ನಿಲ್ಲುತ್ತಿರಲಿಲ್ಲ. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮೊದಲ ನಕಲಿನ ಕೆಲಸ ಬಂದರೆ ಚೌಕುಳಿ ಪುಸ್ತಕದಲ್ಲಿ ಎರಡು ಪ್ರಶ್ನೆ ಬರೆಯುತ್ತೇನೆ: ಒಟ್ಟು ಎಷ್ಟು ಫೈಲ್‌ಗಳಿವೆ? ಎರಡು ಕಡೆ ಬೇರೆಬೇರೆ ಕಂಡರೆ ಯಾವ ಕಡೆಯ ಮಾತು ನಡೆಯಬೇಕು? ಎರಡಕ್ಕೂ ಉತ್ತರ ಬರೆಯುವವರೆಗೆ ಒಂದು ಫೈಲನ್ನೂ ಕದಲಿಸುವುದಿಲ್ಲ.

ಮೊದಲ ಪ್ರಶ್ನೆಯಿಂದ ಶುರು ಮಾಡೋಣ. ‘ಎಷ್ಟು ಟಿಬಿ ಇದೆ’ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಕೇಬಲ್ಲಿನ ವೇಗದಿಂದ ಭಾಗಿಸಿ ಸಮಯ ಹೇಳಿಬಿಡುತ್ತಾರೆ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 125 ಎಂಬಿ ಎನ್ನುವುದು ಕಾಗದದ ಮೇಲಿನ ಮಾತು; ಮಾಹಿತಿಯನ್ನು ಹೊತ್ತೊಯ್ಯುವ ಪ್ಯಾಕೆಟ್ಟುಗಳ ತಲೆಬರಹಗಳ ಪಾಲು ಕಳೆದರೆ ಸುಮಾರು 117 ಉಳಿಯುತ್ತದೆ. ನಾನು 110 ಎಂದು ಹಿಡಿಯುತ್ತೇನೆ. ಹಾಗೆ ನೋಡಿದರೆ 3.6 ಟಿಬಿಗೆ ಒಂಬತ್ತು ಗಂಟೆ ಸಾಕು. ಸಂಜೆ ಆರಕ್ಕೆ ಹಚ್ಚಿದರೆ ಬೆಳಗಿನ ಜಾವ ಮೂರಕ್ಕೆ ಮುಗಿಯಬೇಕು. ಮೊದಲ ಸಲ ನಾನು ಮೇಲಧಿಕಾರಿಗೆ ಹೇಳಿದ್ದೂ ಹೀಗೆಯೇ. ಬೆಳಿಗ್ಗೆ ಒಂಬತ್ತಕ್ಕೆ ಅವರು ಬಂದು ಕೇಳಿದಾಗ ಅರ್ಧವೂ ಆಗಿರಲಿಲ್ಲ.

ಕಾರಣ ಚಿಕ್ಕ ಫೈಲ್‌ಗಳು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡಿಸ್ಕನ್ನು ಓದುವ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧ, ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು. ಅಂದರೆ ಒಂದು ಫೈಲನ್ನು ಹುಡುಕಿ ಮುಟ್ಟುವುದಕ್ಕೇ ಹನ್ನೆರಡು ಹದಿಮೂರು ಮಿಲಿಸೆಕೆಂಡ್. ಫೈಲ್ 2 ಕೆಬಿ ಇರಲಿ, 200 ಕೆಬಿ ಇರಲಿ, ಈ ಸುಂಕ ಕಟ್ಟಲೇಬೇಕು. ಜೊತೆಗೆ ಆ ಕಡೆ ಫೈಲ್ ಸೃಷ್ಟಿಸಬೇಕು, ಅನುಮತಿ ಬರೆಯಬೇಕು, ಸಮಯ ಬರೆಯಬೇಕು. ಕೇಬಲ್ ಸುಮ್ಮನೆ ಕುಳಿತಿರುತ್ತದೆ.

ಆದ್ದರಿಂದ ಹೀಗೆ ಮಾಡಿ. ಲಿನಕ್ಸ್ ಆದರೆ ‘ಫೈಂಡ್’ ಆದೇಶದಿಂದ ಫೈಲ್‌ಗಳನ್ನು ಎಣಿಸಿ. ಒಟ್ಟು ಎಷ್ಟು, ಅದರಲ್ಲಿ 100 ಕೆಬಿಗಿಂತ ಚಿಕ್ಕವು ಎಷ್ಟು ಎಂದು ಎರಡು ಅಂಕಿ ಬೇಕು. ನನ್ನಲ್ಲಿ ಒಟ್ಟು 42 ಲಕ್ಷ, ಚಿಕ್ಕವು 39 ಲಕ್ಷ. ಆ 39 ಲಕ್ಷವೂ ಸೇರಿ ತೂಗಿದ್ದು ಸುಮಾರು 100 ಜಿಬಿ ಮಾತ್ರ. ಉಳಿದ ಮೂರು ಲಕ್ಷ ಫೈಲ್‌ಗಳಲ್ಲಿ 3.5 ಟಿಬಿ. ಆಮೇಲೆ ಚಿಕ್ಕ ಫೈಲ್‌ಗಳು ತುಂಬಿರುವ ಒಂದು ಫೋಲ್ಡರ್ ಆರಿಸಿಕೊಂಡು ನಿಜವಾಗಿಯೂ ನಕಲು ಮಾಡಿ, ಗಡಿಯಾರ ನೋಡಿ. ನಾನು ಆರಿಸಿದ್ದರಲ್ಲಿ ಒಂದು ಲಕ್ಷ ಫೈಲ್‌ಗಳಿದ್ದವು. 22 ನಿಮಿಷ ಹಿಡಿಯಿತು. ಸೆಕೆಂಡಿಗೆ ಸುಮಾರು 76 ಫೈಲ್. ಆ ಲೆಕ್ಕದಲ್ಲಿ 39 ಲಕ್ಷಕ್ಕೆ ಹದಿನಾಲ್ಕು ಗಂಟೆಗೂ ಮಿಕ್ಕಿ, ದೊಡ್ಡವಕ್ಕೆ ಒಂಬತ್ತು, ಒಟ್ಟು 23. ನಿಜವಾಗಿ ಹಿಡಿದದ್ದು 26. ತೂಕದಲ್ಲಿ ನೂರಕ್ಕೆ ಮೂರು ಪಾಲೂ ಇಲ್ಲದ ಫೈಲ್‌ಗಳು ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿಂದಿದ್ದವು.

ಮಾದರಿ ಫೋಲ್ಡರನ್ನು ಎರಡನೆಯ ಸಲ ನಕಲು ಮಾಡಿ ಅಳೆಯಬೇಡಿ. ಮೊದಲ ಸಲ ಓದಿದ್ದು ಮೆಮೊರಿಯಲ್ಲಿ ಉಳಿದಿರುತ್ತದೆ, ಎರಡನೆಯದು ಗಾಳಿಯಂತೆ ಓಡುತ್ತದೆ, ನೀವು ಮೋಸ ಹೋಗುತ್ತೀರಿ.

ಚಿಕ್ಕ ಫೈಲ್‌ಗಳ ಕಾಟ ತಗ್ಗಿಸಲು ಮೇಲಿನ ಹಂತದ ಫೋಲ್ಡರ್‌ಗಳನ್ನು ಹಂಚಿ ಒಟ್ಟೊಟ್ಟಿಗೆ ಎರಡು ಮೂರು ಆರ್‌ಸಿಂಕ್ ಓಡಿಸಬಹುದು. ತಿರುಗುವ ಡಿಸ್ಕ್ ಆದರೆ ನಾನು ಮೂರನ್ನು ದಾಟುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ತಲೆ ಅತ್ತಿಂದಿತ್ತ ಓಡುವುದರಲ್ಲೇ ಸುಸ್ತಾಗುತ್ತದೆ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಆದರೆ ಎಂಟರವರೆಗೂ ಹೋಗಿದ್ದೇನೆ. ಮೊಟ್ಟಮೊದಲ ಸಲ ಹೊಸ ಕಡೆ ಏನೂ ಇಲ್ಲದಿರುವಾಗ ಫೈಲ್‌ಗಳನ್ನೆಲ್ಲ ಒಂದೇ ಕಟ್ಟಾಗಿಸುವ ‘ಟಾರ್’ ಮೂಲಕ ಒಂದೇ ಹರಿವಾಗಿ ಕಳುಹಿಸುವುದೂ ಉಂಟು. ಆದರೆ ನಡುವೆ ನಿಂತರೆ ಎಲ್ಲಿ ನಿಂತಿತೆಂದು ಹುಡುಕುವ ಪಾಡು ನನಗೆ ಬೇಡ.

ಇನ್ನು ಕೇಬಲ್. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ ಎಂದುಕೊಂಡಿದ್ದೆ, ಆದರೆ ಒಂದು ಸಂಗತಿ ಹೇಳದೆ ಬಿಡಲಾರೆ. ನಕಲಿಗೆ ಮುಂಚೆ ‘ಐಪರ್ಫ್3’ ಎಂಬ ಪುಟ್ಟ ಸಾಧನದಿಂದ ಜಾಲದ ವೇಗ ಅಳೆಯುತ್ತೇನೆ. ಡಿಸ್ಕನ್ನು ಮುಟ್ಟದೆ ಬರೀ ಜಾಲವನ್ನು ಪರೀಕ್ಷಿಸುತ್ತದೆ. ಸರಿಯಾದ ಗಿಗಾಬಿಟ್ ಜೋಡಣೆಯಲ್ಲಿ ಅದು ಸೆಕೆಂಡಿಗೆ ಸುಮಾರು 941 ಮೆಗಾಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್) ತೋರಿಸುತ್ತದೆ. ಒಮ್ಮೆ ನನ್ನ ಪರದೆಯ ಮೇಲೆ ‘94.1’ ಎಂದಿತ್ತು. ಬರಬೇಕಾದ ಅಂಕಿಗಳೇ ಬಂದಿವೆ ಎಂದು ಕಣ್ಣು ಒಪ್ಪಿಬಿಟ್ಟಿತು. ನಡುವಿನ ಚುಕ್ಕೆ ಕಾಣಿಸಲೇ ಇಲ್ಲ. ಪಕ್ಕದಲ್ಲಿದ್ದ ಹೊಸ ಸಹಾಯಕಿ, “ಸರ್, ಆ ಚುಕ್ಕೆ ಇರಬೇಕೇ?” ಎಂದು ಕೇಳದೆ ಇದ್ದಿದ್ದರೆ ಒಂಬತ್ತು ಗಂಟೆಯ ಹೊರೆ ಮೂರೂವರೆ ದಿನಕ್ಕೆ ಬೀಳುತ್ತಿತ್ತು.

ಗಿಗಾಬಿಟ್ ಜೋಡಣೆಗೆ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳೂ ಬೇಕು. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಒಂದು ತಂತಿ ಸರಿಯಾಗಿ ತಗುಲದಿದ್ದರೆ ಎರಡೂ ಕಡೆಯ ಯಂತ್ರಗಳು ಎಷ್ಟೋ ಸಲ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ದೀಪ ಮಿನುಗುತ್ತಿರುತ್ತದೆ, ‘ಇದ್ದೀಯಾ’ ಎಂದು ಕೇಳುವ ಪಿಂಗ್‌ಗೆ ಉತ್ತರ ಬರುತ್ತಿರುತ್ತದೆ, ಯಾವ ದೂರೂ ಇರುವುದಿಲ್ಲ. ಆ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆವು. ಕಂದು ಬಣ್ಣದ ತಂತಿ ಪ್ಲಗ್ಗಿನೊಳಗೆ ಒಂದು ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಲಿನಕ್ಸ್‌ನಲ್ಲಿ ‘ಇಥ್‌ಟೂಲ್’ ಆದೇಶ ಜೋಡಣೆಯ ವೇಗವನ್ನು ಒಂದೇ ಸಾಲಿನಲ್ಲಿ ಹೇಳುತ್ತದೆ. ಈಗ ಅದನ್ನು ಮೊದಲು ನೋಡುತ್ತೇನೆ.

ಎರಡು ಕೇಬಲ್ ಜೋಡಿಸಿದರೆ ವೇಗ ಎರಡರಷ್ಟಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಾಮಾನ್ಯ ಜೋಡಣೆಯಲ್ಲಿ ಒಂದು ಸಂಪರ್ಕ ಒಂದೇ ಕೇಬಲ್ಲಿನಲ್ಲಿ ಹರಿಯುತ್ತದೆ, ಹಾಗಾಗಿ ಒಂದೇ ಆರ್‌ಸಿಂಕ್‌ಗೆ ಲಾಭವಿಲ್ಲ. ಮಾಮೂಲಿಗಿಂತ ದೊಡ್ಡ ಪ್ಯಾಕೆಟ್ಟುಗಳನ್ನು ಕಳುಹಿಸುವ ಜಂಬೋ ಫ್ರೇಮ್‌ಗಳ ತಂಟೆಗೂ ನಾನು ಹೋಗುವುದಿಲ್ಲ. ದಾರಿಯಲ್ಲಿರುವ ಎಲ್ಲ ಯಂತ್ರಗಳೂ ಒಪ್ಪದಿದ್ದರೆ ಸಿಗುವ ಲಾಭಕ್ಕಿಂತ ತಲೆನೋವೇ ಹೆಚ್ಚು. ಆರ್‌ಸಿಂಕ್‌ನ ಸಂಕುಚನ ಆಯ್ಕೆಯನ್ನೂ ಸ್ಥಳೀಯ ಜಾಲದಲ್ಲಿ ಹಾಕಬೇಡಿ. ಕೇಬಲ್ ಖಾಲಿ ಕುಳಿತಿರುವಾಗ ಪ್ರೊಸೆಸರ್‌ಗೆ ಯಾಕೆ ಶಿಕ್ಷೆ?

ಈಗ ಎರಡನೆಯ ಪ್ರಶ್ನೆ, ಯಾವ ಕಡೆಯ ಮಾತು ನಡೆಯಬೇಕು. ನನ್ನ ಶನಿವಾರದ ಕಥೆಯೆಲ್ಲ ಇದರಲ್ಲೇ ಇದೆ. ನಕಲು ಮಾಡುವ ತಂತ್ರಾಂಶಕ್ಕೆ ‘ಡಿಸ್ಕ್ ಕಾಣುತ್ತಿಲ್ಲ’ ಎನ್ನುವುದಕ್ಕೂ ‘ಎಲ್ಲವನ್ನೂ ಅಳಿಸಿದ್ದಾರೆ’ ಎನ್ನುವುದಕ್ಕೂ ವ್ಯತ್ಯಾಸ ತಿಳಿಯದು. ಓದುವಾಗ ದೋಷ ಬಂದರೆ ಆರ್‌ಸಿಂಕ್ ಅಳಿಸುವುದನ್ನು ತಾನೇ ನಿಲ್ಲಿಸುತ್ತದೆ, ನಿಜ. ಆದರೆ ಖಾಲಿ ಫೋಲ್ಡರ್ ಅದರ ಪಾಲಿಗೆ ದೋಷವಲ್ಲ. ಅದೂ ಒಂದು ಸ್ಥಿತಿ, ಅದಕ್ಕೂ ನಕಲು ಉಂಟು.

ಈಗ ನಾನು ಇಟ್ಟುಕೊಂಡಿರುವ ಕಾವಲು ಮೂರು ಬಗೆಯದು. ಫೈಲ್‌ಗಳಿರುವ ಡಿಸ್ಕಿನ ಒಳಗೆ ‘ಇಲ್ಲಿದ್ದೇನೆ’ ಎಂಬರ್ಥದ ಹೆಸರಿನ ಒಂದು ಖಾಲಿ ಫೈಲ್ ಇಟ್ಟಿದ್ದೇನೆ. ಸ್ಕ್ರಿಪ್ಟ್ ಮೊದಲು ಅದನ್ನು ಹುಡುಕುತ್ತದೆ, ಸಿಗದಿದ್ದರೆ ಏನನ್ನೂ ಮುಟ್ಟದೆ ನನಗೆ ಮೇಲ್ ಕಳುಹಿಸಿ ಸುಮ್ಮನಾಗುತ್ತದೆ. ಎರಡನೆಯದಾಗಿ, ಒಂದು ಸಲಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಫೈಲ್ ಅಳಿಸಬಾರದು ಎಂದು ಮಿತಿ ಹಾಕುವ ಆಯ್ಕೆ ಆರ್‌ಸಿಂಕ್‌ನಲ್ಲೇ ಇದೆ. ನಾನು 5,000 ಎಂದು ಇಟ್ಟಿದ್ದೇನೆ. ಮೂರನೆಯದು ಎಲ್ಲಕ್ಕಿಂತ ಸರಳ: ಮೊದಲ ಸುತ್ತಿನಲ್ಲಿ ಅಳಿಸುವ ಆಯ್ಕೆಯನ್ನು ಹಾಕುವುದೇ ಇಲ್ಲ. ಹೊಸ ಸರ್ವರ್ ಖಾಲಿ ಇರುವಾಗ ಅಳಿಸುವುದಕ್ಕೆ ಏನಿದೆ? ಅದು ಬೇಕಾಗುವುದು ಕೊನೆಯ ಸುತ್ತಿಗೆ. ಅದನ್ನೂ ಮೊದಲು ‘ಒಣ ಓಟ’ವಾಗಿ, ಅಂದರೆ ಏನು ಮಾಡುತ್ತೇನೆಂದು ಹೇಳಿ ಏನೂ ಮಾಡದ ಬಗೆಯಲ್ಲಿ ಓಡಿಸಿ, ಪಟ್ಟಿ ಓದುತ್ತೇನೆ.

ಮೂಲದ ಹೆಸರಿನ ಕೊನೆಯಲ್ಲಿ ಓರೆಗೆರೆ ಹಾಕಿದರೆ ಫೋಲ್ಡರಿನ ಒಳಗಿನದು ಮಾತ್ರ ಹೋಗುತ್ತದೆ, ಹಾಕದಿದ್ದರೆ ಫೋಲ್ಡರೇ ಹೋಗುತ್ತದೆ. ಇದನ್ನು ಮರೆತು ಫೋಲ್ಡರಿನೊಳಗೆ ಅದೇ ಹೆಸರಿನ ಫೋಲ್ಡರ್ ಸೃಷ್ಟಿಸದವರು ಈ ವೃತ್ತಿಯಲ್ಲಿ ಯಾರೂ ಇರಲಾರರು.

ಅನುಮತಿಗಳ ವಿಷಯಕ್ಕೆ ಬರೋಣ. ಆರ್‌ಸಿಂಕ್‌ನ ಚಿಕ್ಕಕ್ಷರದ ‘ಎ’ ಆಯ್ಕೆ ಹಾಕಿದರೆ ಎಲ್ಲವೂ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬರುವುದಿಲ್ಲ. ಹಾರ್ಡ್ ಲಿಂಕ್‌ಗಳು (ಒಂದೇ ಫೈಲಿಗೆ ಇರುವ ಇನ್ನೊಂದು ಹೆಸರು), ಎಸಿಎಲ್‌ಗಳು (ಯಾರಿಗೆ ಯಾವ ಅನುಮತಿ ಎಂಬ ವಿವರವಾದ ಪಟ್ಟಿ), ವಿಸ್ತೃತ ಗುಣಲಕ್ಷಣಗಳು (ಫೈಲಿಗೆ ಅಂಟಿಸಿದ ಹೆಚ್ಚುವರಿ ಟಿಪ್ಪಣಿ) ಈ ಮೂರಕ್ಕೂ ಬೇರೆ ಬೇರೆ ಆಯ್ಕೆ ಕೊಡಬೇಕು: ದೊಡ್ಡಕ್ಷರದ ‘ಎಚ್’, ‘ಎ’, ‘ಎಕ್ಸ್’. ವರ್ಚುವಲ್ ಯಂತ್ರಗಳ ಡಿಸ್ಕ್ ಫೈಲ್‌ಗಳಿದ್ದರೆ ದೊಡ್ಡ ‘ಎಸ್’ ಕೂಡ. ಇಲ್ಲದಿದ್ದರೆ 500 ಜಿಬಿ ಎಂದು ಹೇಳಿಕೊಂಡು ನಿಜವಾಗಿ 60 ಜಿಬಿ ಮಾತ್ರ ಹಿಡಿದಿರುವ ಫೈಲ್ ಆ ಕಡೆ ಪೂರಾ 500 ಆಗಿ ಉಬ್ಬುತ್ತದೆ.

ಮಾಲೀಕತ್ವ ಉಳಿಯಬೇಕಾದರೆ ಹೊಸ ಕಡೆ ರೂಟ್ ಆಗಿಯೇ, ಅಂದರೆ ಎಲ್ಲ ಅಧಿಕಾರವಿರುವ ಖಾತೆಯಿಂದಲೇ ಬರೆಯಬೇಕು. ಆರ್‌ಸಿಂಕ್ ಸಾಮಾನ್ಯವಾಗಿ ಬಳಕೆದಾರರ ಹೆಸರನ್ನು ನೋಡಿ ಹೊಂದಿಸುತ್ತದೆ; ಆ ಹೆಸರು ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಸಂಖ್ಯೆಯನ್ನೇ ಬರೆಯುತ್ತದೆ. ಕೆಲಸ ಬಿಟ್ಟು ಹೋದ ಒಬ್ಬರ ಖಾತೆಯನ್ನು ಹೊಸ ಸರ್ವರ್‌ನಲ್ಲಿ ನಾನು ಮಾಡಿರಲಿಲ್ಲ. ಅವರ ಸಂಖ್ಯೆ 1007. ಹೊಸ ಯಂತ್ರದಲ್ಲಿ 1007 ಆ ವಾರವಷ್ಟೇ ಸೇರಿದ ತರಬೇತಿಯವರದು. ಬೆಳಗಾಗುವಷ್ಟರಲ್ಲಿ ಹತ್ತು ವರ್ಷದ ಸಂಬಳದ ಹಾಳೆಗಳಿಗೆ ಆ ಹುಡುಗ ಒಡೆಯನಾಗಿದ್ದ. ಪುಣ್ಯಕ್ಕೆ ಅವನಿಗೆ ಇನ್ನೂ ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಆದ್ದರಿಂದ ನಕಲಿಗೆ ಮುಂಚೆ ಎರಡೂ ಕಡೆಯ ಬಳಕೆದಾರರ ಪಟ್ಟಿ ಅಕ್ಕಪಕ್ಕ ಇಟ್ಟು ತಾಳೆ ನೋಡಿ, ಬಿಟ್ಟು ಹೋದವರನ್ನೂ ಸೇರಿಸಿ.

ದತ್ತಸಂಚಯದ (ಡೇಟಾಬೇಸ್) ಫೈಲ್‌ಗಳನ್ನು ಅದು ಓಡುತ್ತಿರುವಾಗಲೇ ಹೀಗೆ ನಕಲು ಮಾಡಬೇಡಿ. ಡಂಪ್ ತೆಗೆಯಿರಿ (ಅದರಲ್ಲಿರುವುದನ್ನೆಲ್ಲ ಬೇರೆ ಫೈಲಿಗೆ ಇಳಿಸಿಕೊಳ್ಳಿ) ಅಥವಾ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯ ಪ್ರತಿ) ತೆಗೆದು ಅದರಿಂದ ನಕಲು ಮಾಡಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಇಷ್ಟಾದ ಮೇಲೆ ವೇಳಾಪಟ್ಟಿ. 26 ಗಂಟೆ ಕಚೇರಿಯನ್ನು ಮುಚ್ಚಿಸಿ ಎಂದು ಯಾರನ್ನೂ ಕೇಳಲಾಗದು, ಕೇಳಬೇಕಾಗಿಯೂ ಇಲ್ಲ. ಮೊದಲ ಸುತ್ತನ್ನು ಜನ ಕೆಲಸ ಮಾಡುತ್ತಿರುವಾಗಲೇ ಓಡಿಸಿ. ಹಗಲಿನಲ್ಲಿ ವೇಗದ ಮಿತಿ ಹಾಕಿ, ಸಂಜೆ ತೆಗೆಯಿರಿ. ಆ ಹೊತ್ತಿನಲ್ಲಿ ಬದಲಾದ ಫೈಲ್‌ಗಳ ಬಗ್ಗೆ ಚಿಂತೆ ಬೇಡ. ಎರಡನೆಯ ಸುತ್ತಿನಲ್ಲಿ ಆರ್‌ಸಿಂಕ್ ಗಾತ್ರ ಮತ್ತು ಬದಲಾದ ಸಮಯ ಎರಡನ್ನೂ ಹೋಲಿಸಿ, ಬೇರೆಯಾದದ್ದನ್ನು ಮಾತ್ರ ತರುತ್ತದೆ. ನನ್ನ ಎರಡನೆಯ ಸುತ್ತು 70 ನಿಮಿಷ ಹಿಡಿಯಿತು, ಬಂದದ್ದು 11,000 ಫೈಲ್, 6 ಜಿಬಿ. ಅದರಲ್ಲಿ ಸಾಗಣೆಗೆ ಹೋದದ್ದು ಕೆಲವೇ ನಿಮಿಷ. ಉಳಿದದ್ದೆಲ್ಲ 42 ಲಕ್ಷ ಫೈಲ್‌ಗಳನ್ನು ಒಂದೊಂದಾಗಿ ಎಣಿಸಿ ನೋಡುವುದಕ್ಕೆ. ಈ 70 ನಿಮಿಷವೇ ನಿಮಗೆ ಬೇಕಾದ ಅಂಕಿ. ಕೊನೆಯ ಸುತ್ತಿಗೆ ಜನರನ್ನು ಹೊರಗೆ ಕಳುಹಿಸಬೇಕಾದ ಅವಧಿ ಅಷ್ಟೆ. ನಾನು ಅದರ ಎರಡರಷ್ಟು ಕೇಳುತ್ತೇನೆ. ಕೊನೆಯ ಸುತ್ತಿಗೆ ಮುನ್ನ ಹಳೆಯ ಕಡೆಯ ಹಂಚಿಕೆಯನ್ನು ಓದಲು ಮಾತ್ರ ಎಂದು ಬದಲಿಸಿ. ‘ದಯವಿಟ್ಟು ಯಾರೂ ಫೈಲ್ ತೆರೆಯಬೇಡಿ’ ಎಂಬ ಮೇಲ್ ಮೇಲೆ ಭರವಸೆ ಇಟ್ಟವನು ನಾನೂ ಒಮ್ಮೆ.

ವಿಂಡೋಸ್ ಸರ್ವರ್‌ಗಳ ನಡುವೆ ಫೋಲ್ಡರ್‌ಗಳನ್ನು ಸದಾ ಒಂದೇ ತೆರನಾಗಿ ಇಡುವ ಡಿಎಫ್‌ಎಸ್ ರೆಪ್ಲಿಕೇಶನ್ (ಡಿಎಫ್‌ಎಸ್ಆರ್) ಹಾಕುವುದಾದರೆ ಹೆಸರು ಬೇರೆ, ಚಿಂತೆ ಅದೇ. ಅಲ್ಲಿ ‘ಪ್ರೈಮರಿ’ ಸದಸ್ಯ ಎಂದು ಒಂದು ಸರ್ವರನ್ನು ಆರಿಸಬೇಕು. ಮೊದಲ ಸಲ ಎರಡೂ ಕಡೆ ವ್ಯತ್ಯಾಸ ಕಂಡರೆ ಅದರ ಮಾತೇ ಅಂತಿಮ. ಅದರಲ್ಲಿ ಇಲ್ಲದೆ ಇನ್ನೊಂದರಲ್ಲಿ ಮಾತ್ರ ಇರುವ ಫೈಲ್‌ಗಳು ‘ಪ್ರೀಎಕ್ಸಿಸ್ಟಿಂಗ್’ ಎಂಬ ಅಡಗಿದ ಫೋಲ್ಡರಿಗೆ ಸರಿದುಹೋಗುತ್ತವೆ. ಖಾಲಿ ಸರ್ವರನ್ನು ಪ್ರೈಮರಿ ಎಂದು ಗುರುತಿಸಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅಲ್ಲೂ ಮೊದಲು ವಿಂಡೋಸ್‌ನದೇ ನಕಲು ಆದೇಶವಾದ ರೋಬೋಕಾಪಿಯಿಂದ ಬಿತ್ತನೆ ಮಾಡಿ, ಅಂದರೆ ಫೈಲ್‌ಗಳನ್ನು ಮುಂಚೆಯೇ ಆ ಕಡೆ ಇರಿಸಿ, ಆಮೇಲೆ ರೆಪ್ಲಿಕೇಶನ್ ಚಾಲೂ ಮಾಡಿ. ರೋಬೋಕಾಪಿಯ ಒಂದು ಗುಣ ತಿಳಿದಿರಲಿ: ಒಂದು ಫೈಲ್ ಸಿಗದಿದ್ದರೆ ಅದು ತಾನಾಗಿ ಹತ್ತು ಲಕ್ಷ ಸಲ ಮರುಪ್ರಯತ್ನಿಸುತ್ತದೆ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾಯುತ್ತದೆ. ಲೆಕ್ಕ ಹಾಕಿದೆ, 347 ದಿನ. ಯಾರೋ ತೆರೆದಿಟ್ಟು ಮನೆಗೆ ಹೋದ ಒಂದು ಎಕ್ಸೆಲ್ ಹಾಳೆಗಾಗಿ ವರ್ಷ ಕಾಯುವ ತಾಳ್ಮೆ! ಮರುಪ್ರಯತ್ನವನ್ನು ಐದಾರಕ್ಕೆ, ಕಾಯುವುದನ್ನು ಐದು ಸೆಕೆಂಡಿಗೆ ಇಳಿಸಿ. ಭದ್ರತಾ ಅನುಮತಿಗಳೂ ಬರುವಂತೆ ‘ಕಾಪಿಆಲ್’ ಹಾಕಿ. ಇದು ಮುಖ್ಯ, ಏಕೆಂದರೆ ಡಿಎಫ್‌ಎಸ್ಆರ್ ಎರಡು ಫೈಲ್‌ಗಳು ಒಂದೇ ಎಂದು ತೀರ್ಮಾನಿಸುವ ಹ್ಯಾಶ್‌ನಲ್ಲಿ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆಯಲ್ಲಿ, ಅನುಮತಿಗಳೂ ಸೇರಿವೆ. ಅಕ್ಷರ ಅಕ್ಷರವೂ ಒಂದೇ ಆಗಿದ್ದರೂ ಅನುಮತಿ ಬೇರೆಯಾದರೆ ನಿಮ್ಮ ಬಿತ್ತನೆ ಬಹುಪಾಲು ದಂಡ. ಬಿತ್ತಿದ ಮೇಲೆ ಹತ್ತಿಪ್ಪತ್ತು ಫೈಲ್‌ಗಳ ಹ್ಯಾಶ್ ಎರಡೂ ಕಡೆ ತೆಗೆದು ಹೋಲಿಸಿ. ಅದಕ್ಕೆ ಪವರ್‌ಶೆಲ್‌ನಲ್ಲಿ ಆದೇಶವಿದೆ.

ಕಳುಹಿಸುವ ಫೈಲ್‌ಗಳನ್ನು ಡಿಎಫ್‌ಎಸ್ಆರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸ್ಟೇಜಿಂಗ್ ಜಾಗ ಮೂಲತಃ 4 ಜಿಬಿ ಇರುತ್ತದೆ. ಅದನ್ನು ಕನಿಷ್ಠ ನಿಮ್ಮ ಅತಿ ದೊಡ್ಡ 32 ಫೈಲ್‌ಗಳ ಒಟ್ಟು ಗಾತ್ರದಷ್ಟು ಮಾಡಿ. ಕಡಿಮೆಯಾದರೆ ತುಂಬಿಸುವುದು, ಖಾಲಿ ಮಾಡುವುದು, ಮತ್ತೆ ತುಂಬಿಸುವುದು ಇದರಲ್ಲೇ ದಿನ ಕಳೆಯುತ್ತದೆ. ಮುಗಿಯಿತೇ ಎಂದು ತಿಳಿಯಲು ಫೋಲ್ಡರಿನ ಗಾತ್ರ ನೋಡಬೇಡಿ. ಈವೆಂಟ್ ಲಾಗ್‌ನಲ್ಲಿ 4104 ಬಂದರೆ ಮೊದಲ ನಕಲು ಮುಗಿದಿದೆ ಎಂದರ್ಥ. ಅದು ಬರುವವರೆಗೆ ಹೊಸ ಸರ್ವರ್‌ನಲ್ಲಿ ಯಾರೂ ಏನೂ ಬದಲಿಸಬಾರದು.

ತಾಳೆ ನೋಡುವ ಕೆಲಸವನ್ನು ನಾನು ಭಾನುವಾರಕ್ಕೆ ಇಡುತ್ತೇನೆ. ಫೈಲ್‌ಗಳ ಸಂಖ್ಯೆ, ಒಟ್ಟು ಬೈಟ್‌ಗಳು ಎರಡೂ ಕಡೆ ಒಂದೇ ಬಂದರೆ ಹಲವರು ಅಲ್ಲಿಗೆ ನಿಲ್ಲಿಸುತ್ತಾರೆ. ನನಗೂ ಹಾಗೆಯೇ ಒಂದೇ ಬಂದಿದ್ದವು. ಆದರೂ ಆರ್‌ಸಿಂಕ್‌ನ ಫೈಲಿನ ಒಳಗಿನದನ್ನೇ ಹೋಲಿಸುವ ಚೆಕ್‌ಸಮ್ ಆಯ್ಕೆ ಹಾಕಿ ಒಣ ಓಟ ಓಡಿಸಿದೆ. ಅದು ಎರಡೂ ಕಡೆಯ 3.6 ಟಿಬಿಯನ್ನೂ ಪೂರಾ ಓದುತ್ತದೆ, ಬಹಳ ಗಂಟೆಗಳು ಬೇಕು. ಕೊನೆಯಲ್ಲಿ ಮೂರು ಫೈಲ್ ಬೇರೆ ಎಂದಿತು. ಮೂರೂ ಗೂಢಲಿಪಿಯಲ್ಲಿಟ್ಟ ಸಂಗ್ರಹ ಫೈಲ್‌ಗಳು. ಇಂಥ ಫೈಲ್‌ಗಳ ಗಾತ್ರ ಸಾಮಾನ್ಯವಾಗಿ ಬದಲಾಗದು. ಒಳಗಿನದನ್ನು ತಿದ್ದಿದರೂ ಹೊರಗಿನ ಸಮಯವನ್ನು ಹಳೆಯದಾಗಿಯೇ ಉಳಿಸುವ ತಂತ್ರಾಂಶಗಳಿವೆ, ಬೇಕೆಂದೇ. ಗಾತ್ರ ಅದೇ, ಸಮಯ ಅದೇ, ಆದ್ದರಿಂದ ಎರಡನೆಯ ಸುತ್ತೂ ಮೂರನೆಯ ಸುತ್ತೂ ಅವನ್ನು ಸಲೀಸಾಗಿ ದಾಟಿಕೊಂಡು ಹೋಗಿದ್ದವು. ಆ ಮೂರನ್ನು ಕೈಯಾರೆ ತಂದೆ.

ಸೋಮವಾರ ಜನರನ್ನು ಹೊಸ ಸರ್ವರ್‌ಗೆ ಬಿಟ್ಟ ಮೇಲೂ ಹಳೆಯದನ್ನು ಬಂದ್ ಮಾಡಬೇಡಿ. ಓದಲು ಮಾತ್ರ ಇರುವಂತೆ ಒಂದು ತಿಂಗಳು ಇರಲಿ. ಎರಡು ಸರ್ವರ್‌ಗಳಲ್ಲಿ ಒಂದೇ ಫೈಲ್ ಇದೆ ಎಂದು ಬ್ಯಾಕಪ್ಪನ್ನೂ ಬಿಡಬೇಡಿ. ಅಳಿಸಿದ್ದೂ ಅಷ್ಟೇ ನಿಷ್ಠೆಯಿಂದ ಆ ಕಡೆ ತಲುಪುತ್ತದೆ. ನನ್ನ ವಿಂಡೋಸ್ ಕೆಲಸದಲ್ಲಿ ಬಿತ್ತನೆಯನ್ನು ಹಳೆಯ ಯಂತ್ರದಿಂದ ಮೊದಲ ಹೊಸ ಸರ್ವರ್‌ಗೆ ಮಾಡಿದ್ದೆ, ಎರಡನೆಯದನ್ನು ತುಂಬುವ ಕೆಲಸ ರೆಪ್ಲಿಕೇಶನ್‌ನದಾಗಿತ್ತು. ಮೂರನೆಯ ವಾರ ಲೆಕ್ಕಪತ್ರ ವಿಭಾಗದವರೊಬ್ಬರು ಬಂದು, ತಮ್ಮ ನಕ್ಷೆಗಳ ಹಳೆಯ ಪ್ರತಿಗಳು ಎರಡನೆಯ ಸರ್ವರ್‌ನಲ್ಲಿ ಇಲ್ಲವೆಂದರು. ಅವರು ಅವನ್ನು ‘ಬಿಎಕೆ’ ಎಂಬ ಬಾಲ ಹಚ್ಚಿ ಉಳಿಸುತ್ತಿದ್ದರು. ಡಿಎಫ್‌ಎಸ್ಆರ್ ಮೂಲತಃ ‘ಬಿಎಕೆ’, ‘ಟಿಎಂಪಿ’ ಬಾಲದ ಫೈಲ್‌ಗಳನ್ನೂ ಅಲೆಗೆರೆಯಿಂದ (~) ಶುರುವಾಗುವ ಹೆಸರುಗಳನ್ನೂ ಬಿಟ್ಟುಬಿಡುತ್ತದೆ, ಆ ಸೋಸುಪಟ್ಟಿಯನ್ನು ನಾನು ತೆರೆದೇ ನೋಡಿರಲಿಲ್ಲ. ಪಟ್ಟಿಯಿಂದ ‘ಬಿಎಕೆ’ಯನ್ನು ತೆಗೆದೆ, ಹಳೆಯ ಯಂತ್ರ ಇನ್ನೂ ಓಡುತ್ತಿದ್ದುದರಿಂದ ಅದರಲ್ಲಿದ್ದ 212 ಫೈಲ್‌ಗಳೊಂದಿಗೆ ತಾಳೆ ನೋಡಿ ಒಂದೂ ಬಿಟ್ಟುಹೋಗಿಲ್ಲವೆಂದು ಅವರಿಗೆ ತೋರಿಸಿದೆ. ಆಮೇಲೂ ಒಂದು ವಾರ ಕಾದು, ಮೂವತ್ತೊಂದನೆಯ ದಿನ ಅದರ ವಿದ್ಯುತ್ ತಂತಿ ಕಿತ್ತೆ.